ಯಾರ ಕೈಗುಣ

ಹೊಳಲ್ಕೆರೆ ಬಸ್ ನಿಲ್ದಾಣದ ಎದುರು ನಮ್ಮದು ಸಣ್ಣ ವಾಚ್ ರಿಪೇರಿ ಅಂಗಡಿ. ಮುಂದೆ ಗಾಜಿನ ಪೆಟ್ಟಿಗೆಯ ಹಿಂದೆ ಅಪ್ಪ ಕೂರುತ್ತಿದ್ದರು, ಪರದೆಯ ಒಳಗೆ ನಾನು. ಅಪ್ಪನ ಬಲಗೈ ನಡುಗಲು ಶುರುವಾಗಿ, ಚಿಮಟದಲ್ಲಿ ಸ್ಕ್ರೂ ಹಿಡಿಯುವುದೂ ಆಗದಂತಾದ ಮೇಲೆ, ಬಂದ ಒಂದೊಂದು ಗಡಿಯಾರವನ್ನೂ ಬಿಚ್ಚಿ ಕೂಡಿಸುತ್ತಿದ್ದವಳು ನಾನೇ. ಗಿರಾಕಿಗಳು ಮಾತ್ರ, "ನಿಮ್ಮ ಕೈಗುಣನೇ ಬೇರೆ ಬಿಡ್ರಿ" ಎಂದು ಅಪ್ಪನನ್ನು ಹೊಗಳುತ್ತಿದ್ದರು. ಅಪ್ಪ ನಕ್ಕು ಸುಮ್ಮನಾಗುತ್ತಿದ್ದರು. ಆರು ವರ್ಷ ಆ ನಗುವನ್ನು ಒಳಗಿನಿಂದ ಕೇಳಿಸಿಕೊಂಡೆ.

ಹೋದ ಬೇಸಿಗೆಯಲ್ಲಿ ನಿವೃತ್ತ ಮೇಷ್ಟ್ರೊಬ್ಬರು ರಿಪೇರಿಗೆ ಕೊಟ್ಟಿದ್ದ ಕೀ ಕೊಡುವ ವಾಚನ್ನು ಒಯ್ಯಲು ಬಂದರು. ಅದರೊಳಗಿನ ಕೂದಲೆಳೆಯಂಥ ಸ್ಪ್ರಿಂಗ್ ಸಿಕ್ಕಾಗಿತ್ತು. ಬಿಡಿಸಲು ನನಗೆ ಎರಡು ದಿನ ಹಿಡಿದಿತ್ತು. ಮೇಷ್ಟ್ರು ಕಿವಿಗಿಟ್ಟುಕೊಂಡು ಕೇಳಿ ಹಿಗ್ಗಿದರು. ಅಷ್ಟರಲ್ಲಿ ಗಾಳಿಗೆ ಪರದೆ ಸರಿದು, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂತಿದ್ದ ನಾನು ಅವರಿಗೆ ಕಂಡೆ.

"ಏನ್ರೀ, ಮಗಳ ಕೈಲಿ ಮಾಡಿಸ್ತೀರೇನು?"

"ಇಲ್ಲ ಸಾರ್," ಅಪ್ಪ ತಡವರಿಸಿದರು. "ಅವಳು ಬರೇ ಒರೆಸ್ತಾಳೆ, ಸೆಲ್ ಹಾಕ್ತಾಳೆ. ನಿಮ್ದು ನಾನೇ ಮಾಡಿದ್ದು."

ಮೈಯೆಲ್ಲ ಉರಿದುಹೋಯಿತು. ಎದ್ದು ಹೊರಗೆ ಬಂದೆ. "ಯಾಕಪ್ಪ ಸುಳ್ಳು ಹೇಳ್ತೀಯ? ಸಾರ್, ಮಾಡಿದ್ದು ನಾನು."

ಮೇಷ್ಟ್ರ ಮುಖ ಇಳಿಯಿತು. ಅದೇ ವಾಚನ್ನು ಮತ್ತೆ ಕಿವಿಗಿಟ್ಟುಕೊಂಡು, "ಯಾಕೋ ಸದ್ದು ಒಂಥರಾ ಐತೆ. ದುರ್ಗದಾಗೆ ಒಂದ್ಸಲ ತೋರಿಸ್ತೀನಿ" ಎಂದವರೇ ಚಿತ್ರದುರ್ಗದ ಬಸ್ಸು ಹತ್ತಿದರು.

"ನೋಡಿದ್ಯೇನವ್ವ?" ಎಂದರು ಅಪ್ಪ. "ಇದಕ್ಕೇ ನಾನು ಹೇಳ್ತಿರ್ಲಿಲ್ಲ. ಅಂಗಡಿ ನಡೀಬೇಕಲ್ಲ."

"ನಡೆಸ್ತಿರೋದು ಯಾರು?"

ಮೇಷ್ಟ್ರ ಮೇಲಿನ ಸಿಟ್ಟು ಊಟದ ಹೊತ್ತಿಗೇ ಇಳಿಯಿತು. ಅಪ್ಪನ ಮೇಲಿನದು ಇಳಿಯಲಿಲ್ಲ.

ಮರುದಿನ ಅವರಿಗಿಂತ ಮೊದಲೇ ಹೋಗಿ ಪರದೆ ಕಿತ್ತುಹಾಕಿದೆ. ನನ್ನ ಸಾಮಾನನ್ನೆಲ್ಲ ಮುಂದಕ್ಕೆ ತಂದು, ಅಪ್ಪನ ಕುರ್ಚಿಯಲ್ಲಿ ಕೂತೆ. ಅಪ್ಪ ಬಂದವರು ಮೆಟ್ಟಿಲ ಮೇಲೇ ನಿಂತರು.

"ನಾನೆಲ್ಲಿ ಕುಂತ್ಕಳ್ಲಿ?"

"ಪಕ್ಕದಾಗೆ ಕುಂತ್ಕ."

ಕೂತರು. ಕೆಲವರು ನನ್ನನ್ನು ನೋಡಿ ಹಾಗೇ ಹಿಂದಿರುಗಿದರು. ಹೆಚ್ಚಿನವರು ವಾಚ್ ಬಿಚ್ಚಿ ಕೈಗೆ ಕೊಟ್ಟರು. ಈಗ ಯಾರಾದರೂ ನನ್ನ ಕೆಲಸ ಮೆಚ್ಚಿದರೆ ಸಾಕು, "ನಾನೇ ಕಲಿಸಿದ್ದು ಕಣ್ರಿ" ಎಂದು ಅಪ್ಪ ಎದೆಯುಬ್ಬಿಸುತ್ತಾರೆ. ಕಲಿಸಿದ್ದು ನಿಜ. ಆದರೂ ಕೇಳಿದಾಗಲೆಲ್ಲ ರೇಗುತ್ತದೆ. ಆರು ವರ್ಷ ಈ ಒಂದು ಮಾತು ಹೇಳಲು ಅವರಿಗೇನಾಗಿತ್ತು?