ಕಾಣದ ಊರಿನ ಮೂರು ದಾರಿ

ನಾನು ಫ್ರಾನ್ಸ್ ದೇಶವನ್ನು ನೋಡಿಲ್ಲ. ಆದರೂ ಅಲ್ಲಿನ ಒಂದು ಹಳೆಯ ಪಟ್ಟಣದ ರೈಲು ನಿಲ್ದಾಣದ ಮುಂದೆ ನನ್ನನ್ನು ಬಿಟ್ಟರೆ, ಯಾರನ್ನೂ ಕೇಳದೆ ದೊಡ್ಡ ಚರ್ಚಿಗೂ, ಅದರ ಹಿಂದೆ ಚರ್ಮ ಹದ ಮಾಡುವವರು ಇದ್ದ ಓಣಿಗೂ, ಅಲ್ಲಿಂದ ಹಳೇ ಸೇತುವೆಗೂ ಹೋಗಿ ಬರಬಲ್ಲೆ. ಬರುವಾಗ ಎಡಕ್ಕೊಂದು ಬಾವಿ ಸಿಗುತ್ತದೆ, ಅದರಲ್ಲಿ ಈಗ ನೀರಿಲ್ಲ ಎಂದೂ ಹೇಳಬಲ್ಲೆ. ಊರಿನ ಹೆಸರನ್ನು ಮಾತ್ರ ಕೇಳಬೇಡಿ. ಅದನ್ನು ನನ್ನ ಬಾಯಿಂದ ಕೇಳಿದ ಒಬ್ಬನೇ ಒಬ್ಬ ಫ್ರೆಂಚ್ ಮನುಷ್ಯ, ನನಗೆ ಕೆಮ್ಮು ಬಂತೆಂದುಕೊಂಡು ನೀರಿನ ಬಾಟಲಿ ಮುಂದೆ ಹಿಡಿದಿದ್ದ.

ಆ ಪುಣ್ಯಾತ್ಮನೇ ನನಗೆ ಆ ಊರಿನ ನಕ್ಷೆ ಕೊಟ್ಟವನು. ನಾನು ಕುವೈತಿನಲ್ಲಿ ಎಣ್ಣೆ ಸಾಗಿಸುವ ಕೊಳವೆಗಳ ವಾಲ್ವ್ ಪರೀಕ್ಷೆ ಮಾಡುವ ಇನ್‌ಸ್ಪೆಕ್ಟರ್. ಹೊಸ ವಾಲ್ವ್ ಕೂರಿಸಲು ಫ್ರಾನ್ಸಿನ ಕಂಪನಿಯಿಂದ ಬಂದಿದ್ದ ಅವನು, ಹೊರಡುವ ದಿನ ತನ್ನ ಊರಿನ ಪ್ರವಾಸಿ ಕಚೇರಿಯವರು ಇಂಗ್ಲಿಷಿನಲ್ಲಿ ಅಚ್ಚು ಹಾಕಿಸಿದ ಒಂದು ಮಡಿಕೆ ಕಾಗದವನ್ನು ನನ್ನ ಕೈಗಿಟ್ಟ. ಅದರಲ್ಲಿ ಊರೊಳಗೆ ನಡೆಯಲು ಮೂರು ದಾರಿಗಳು. ಕೆಂಪು ದಾರಿ ಚರ್ಚು, ಚೌಕಗಳಿಗೆ. ನೀಲಿ ದಾರಿ ಹಳೇ ಕೋಟೆಗೋಡೆಯ ಗುಂಟ. ಹಳದಿ ದಾರಿ ಗುಡ್ಡದ ಮೇಲಿನ ಬುರುಜಿಗೆ. ದಾರಿಯುದ್ದಕ್ಕೂ ನಿಂತು ನೋಡಬೇಕಾದ ಜಾಗಗಳಿಗೆ ನಂಬರು, ನಂಬರಿಗೆ ನಾಲ್ಕು ಸಾಲಿನ ವಿವರಣೆ. ಕೊನೆಯಲ್ಲಿ ಒಂದು ಸೂಚನೆ: ಅವಸರ ಮಾಡಬೇಡಿ.

ಅಬು ಹಲೀಫಾದ ನಮ್ಮ ಫ್ಲಾಟಿಗೆ ಬಂದು ಅದನ್ನು ಹೆಂಡತಿಗೆ ಕೊಟ್ಟೆ. ನೀಲಾ ಗುಳೇದಗುಡ್ಡದವಳು. ನಾನು ಪೇಪರು ಓದುವಷ್ಟೇ ಶ್ರದ್ಧೆಯಿಂದ ಅವಳು ಅದನ್ನು ಹಿಂದೂ ಮುಂದೂ ಓದಿ, "ಇಡೀ ಊರಾಗ ಬರೇ ನಡಕೋತ ಹೋಗಾಕ ದಾರಿ ಮಾಡ್ಯಾರಂದ್ರ ಎಂಥಾ ಮಂದಿ ಇದ್ದಾರ್ರೀ!" ಎಂದಳು.

ಅವಳ ಆಶ್ಚರ್ಯ ನಿಮಗೆ ಅರ್ಥವಾಗಬೇಕಾದರೆ ನೀವು ಕುವೈತಿನಲ್ಲಿ ಇರಬೇಕು. ಇಲ್ಲಿ ನಡಿಗೆ ಎಂದರೆ ಲಿಫ್ಟಿನಿಂದ ಕಾರಿಗೆ, ಕಾರಿನಿಂದ ಇನ್ನೊಂದು ಲಿಫ್ಟಿಗೆ. ಬೇಸಿಗೆಯಲ್ಲಿ ರಸ್ತೆಯ ಬದಿ ಒಬ್ಬ ಮನುಷ್ಯ ನಡೆದು ಹೋಗುತ್ತಿದ್ದರೆ, ಯಾರಾದರೂ ದಯಾವಂತರು ಗಾಡಿ ನಿಲ್ಲಿಸಿ, ಕೆಟ್ಟು ನಿಂತ ನಿನ್ನ ಕಾರೆಲ್ಲಿ ಎಂದು ಕೇಳುತ್ತಾರೆ. ಮದುವೆಯಾಗಿ ಬಂದ ಹೊಸತರಲ್ಲಿ ನೀಲಾ ಹಾಲು ತರಲು ಎರಡು ಕಟ್ಟಡ ದಾಟಿ ನಡೆದು ಹೋಗಿ, ಮುಖ ಕೆಂಡದಂತೆ ಮಾಡಿಕೊಂಡು ವಾಪಸು ಬಂದಿದ್ದಳು. ಆಮೇಲೆ ಒಂದು ಮಾತು ಹೇಳಿದ್ದಳು: "ಇಲ್ಲಿಗೆ ಬಂದ ಮ್ಯಾಲೆ ನನ್ನ ಕಾಲಿಗೆ ಊರ ಇಲ್ಲದಂಗ ಆತು ನೋಡ್ರಿ." ಆಗ ನಾನು ನಕ್ಕಿದ್ದೆ. ಮೂವತ್ತು ವರ್ಷ ನನ್ನ ಮುಖ್ಯ ಕೆಲಸ ಅದೇ ಆಗಿತ್ತು, ಅವಳು ಹೇಳಿದ್ದಕ್ಕೆ ನಗುವುದು.

ಅವಳದು ನಡೆಯುವವರ ವಂಶ. ಅವಳ ಅಜ್ಜಿ ಯುಗಾದಿಯ ಹೊತ್ತಿಗೆ ಶ್ರೀಶೈಲಕ್ಕೆ ಪಾದಯಾತ್ರೆ ಹೋಗುತ್ತಿದ್ದವರು. ನಮ್ಮ ಕಡೆಯ ಜನ ಬಿಸಿಲಿಗೆ ಜಗ್ಗದೆ ದಿನಗಟ್ಟಲೆ ಹಾಗೆ ನಡೆಯುತ್ತಾರೆ, ಕೆಲವರು ಮರಗಾಲು ಕಟ್ಟಿಕೊಂಡೂ ನಡೆಯುತ್ತಾರೆ. ಅಜ್ಜಿಯನ್ನು ಶ್ರೀಶೈಲ ಎಷ್ಟು ದೂರ ಎಂದು ಕೇಳಿದರೆ ಮೈಲಿಯ ಲೆಕ್ಕ ಹೇಳುತ್ತಿರಲಿಲ್ಲವಂತೆ. ಇಂಥ ಊರಲ್ಲಿ ಮಜ್ಜಿಗೆ ಕೊಡುತ್ತಾರೆ, ಇಂಥಲ್ಲಿ ಕಾಲಿಗೆ ಎಣ್ಣೆ ತಿಕ್ಕುತ್ತಾರೆ, ಇಂಥ ಮರದ ಕೆಳಗೆ ಮಲಗುತ್ತೇವೆ, ಹೀಗೆ ನಿಲ್ಲುವ ಜಾಗಗಳನ್ನೇ ಹೇಳುತ್ತ ಹೋಗುತ್ತಿದ್ದರಂತೆ. ನಾನು ಎಂಜಿನಿಯರಿಂಗ್ ಡಿಪ್ಲೊಮಾ ಮಾಡಿದವನು. ದಾರಿ ಎಂದರೆ ನನಗೆ ಉದ್ದ ಮತ್ತು ವೇಗ. ಅಜ್ಜಿ ಹೇಳುತ್ತಿದ್ದುದು ದಾರಿಯ ಲೆಕ್ಕವೇ ಅಲ್ಲ ಎಂದು ವಾದಿಸಿದ್ದೂ ಉಂಟು.

ಅಂತೂ ಮೇ ತಿಂಗಳಲ್ಲಿ ಫ್ರಾನ್ಸಿಗೆ ಹೋಗುವುದೆಂದಾಯಿತು. ಮಸ್ಕತ್ತಿನಲ್ಲಿರುವ ಮಗಳು ವೀಸಾ ಅರ್ಜಿಯನ್ನು ತುಂಬಿಕೊಟ್ಟಳು. ಪಾಸ್‌ಪೋರ್ಟಿನಲ್ಲಿ ಅಂಟಿಸಿದ ವೀಸಾದ ಮೇಲೆ ನೀಲಾ ಎರಡು ಸಲ ಕೈಯಾಡಿಸಿ ದೇವರ ಮುಂದೆ ಇಟ್ಟಳು. ಆಮೇಲೆ ನನ್ನೊಳಗಿನ ಇನ್‌ಸ್ಪೆಕ್ಟರ್ ಎದ್ದು ಕೂತ. ಪರೀಕ್ಷೆ ಮಾಡದೆ ಯಾವುದನ್ನೂ ಚಾಲೂ ಮಾಡಬಾರದು. ವರ್ಷಗಟ್ಟಲೆ ನಡೆಯದ ಕಾಲುಗಳು, ಒಮ್ಮೆಲೇ ಮೂರು ದಾರಿ ನಡೆದಾವೆಯೇ? ಅಭ್ಯಾಸ ಬೇಕು. ಹೊರಗೆ ನಡೆದರೆ ಧೂಳು. ಆದ್ದರಿಂದ ಮನೆಯಿಂದ ಹತ್ತು ನಿಮಿಷದ ದೂರದ ಮಾಲಿನಲ್ಲಿ ಪ್ರತಿ ಶನಿವಾರ ಬೆಳಿಗ್ಗೆ ಫ್ರಾನ್ಸನ್ನು ನಡೆಯುವುದೆಂದು ನಾನೇ ತೀರ್ಮಾನಿಸಿದೆ.

ಮೊದಲ ಶನಿವಾರ ಆಫೀಸಿನಿಂದ ಅಳತೆಯ ಚಕ್ರವನ್ನೂ ಕೊಂಡೊಯ್ದಿದ್ದೆ, ಕೋಲಿಗೆ ಗಾಲಿ ಸಿಕ್ಕಿಸಿದ ಆ ಸಾಧನವನ್ನು. ಬಟ್ಟೆ ಅಂಗಡಿಯ ಮುಂದೆ ಅದನ್ನು ಉರುಳಿಸಿಕೊಂಡು ಹೋಗುತ್ತಿದ್ದಾಗ ಕಾವಲಿನವ ಓಡಿಬಂದು "ಮಮ್ನೂ, ಮಮ್ನೂ" ಎಂದು ತಡೆದ. ನಿಷಿದ್ಧವಂತೆ. ಫ್ರಾನ್ಸಿನ ಚರ್ಚಿಗೆ ಎಷ್ಟು ದೂರವಾಗುತ್ತದೆಂದು ನೋಡುತ್ತಿದ್ದೇನೆ ಎಂದು ಅವನಿಗೆ ಹೇಗೆ ಹೇಳುವುದು? ನೀಲಾ ದೂರ ನಿಂತು, ಈ ಮನುಷ್ಯ ಯಾರೋ ಗೊತ್ತಿಲ್ಲ ಎಂಬಂತೆ ಛಾವಣಿ ನೋಡುತ್ತಿದ್ದಳು. ಆಮೇಲೆ ಹೆಜ್ಜೆಯ ಲೆಕ್ಕದಲ್ಲೇ ಎಲ್ಲ ಗುರುತು ಹಾಕಿದೆ. ಗಡಿಯಾರದ ಅಂಗಡಿ ದೊಡ್ಡ ಚರ್ಚಾಯಿತು. ಅತ್ತರಿನ ಅಂಗಡಿ ಹೂವಿನ ಚೌಕ. ಚಪ್ಪಲಿ ಅಂಗಡಿಗೆ ಸಹಜವಾಗಿಯೇ ಚರ್ಮದವರ ಓಣಿಯ ಪಟ್ಟ ಸಿಕ್ಕಿತು.

ಕೆಂಪು ದಾರಿಗೆ ಕಾಗದದಲ್ಲಿ ಬರೆದದ್ದು ಒಂದು ಗಂಟೆ. ನಮಗೆ ಒಂದು ಗಂಟೆ ನಲವತ್ತು ನಿಮಿಷ ಹಿಡಿಯಿತು. ಕಾರಣ ನೀಲಾ. ಹತ್ತು ಹೆಜ್ಜೆಗೊಮ್ಮೆ ಒಂದೊಂದು ಗಾಜಿನ ಮುಂದೆ ನಿಲ್ಲುವಳು. "ನಿಲ್ರೀ ಸ್ವಲ್ಪ, ಇದು ನಾಲ್ಕನೇ ನಂಬರ. ಇದನ್ನ ಓದಿ ಮುಂದ ಹೋಗೂಣು" ಎಂದು ಕಾಗದ ಬಿಚ್ಚುವಳು. ಓದಿ ಮುಗಿದರೂ ಮಡಚಳು. ನಂಬರು ಇಲ್ಲದ ಕಡೆ ಕೈಚೀಲ ನೋಡುವಳು, ಮಕ್ಕಳ ಅಂಗಿ ನೋಡುವಳು. ಒಮ್ಮೆ ಗಂಡಸರ ಟೈಗಳನ್ನು ಐದು ನಿಮಿಷ ನೋಡಿದಳು. ನಮ್ಮ ಮನೆತನದಲ್ಲಿ ಟೈ ಕಟ್ಟಿದವರೇ ಇಲ್ಲ.

ನಾನು ಮುಂದೆ ಹೋಗಿ ನಿಂತು ಸೊಂಟದ ಮೇಲೆ ಕೈಯಿಟ್ಟುಕೊಂಡು ಕೂಗುತ್ತಿದ್ದೆ: "ನಡೀ, ನಡೀ, ಅಂಗಡಿ ಏನ್ ಓಡಿಹೋಗೂದಿಲ್ಲ!" ಹೆಂಗಸರು ಮತ್ತು ಅಂಗಡಿಯ ಗಾಜು ಎಂಬ ವಿಷಯದಲ್ಲಿ ಗೆಳೆಯರ ಕೂಟದಲ್ಲಿ ನಾನೊಂದು ಸಣ್ಣ ಭಾಷಣವನ್ನೇ ತಯಾರಿಸಿಕೊಂಡಿದ್ದೆ. ಎಲ್ಲರೂ ನಗುತ್ತಿದ್ದರು. ನೀಲಾ ಚಹಾ ತಂದಿಡುತ್ತ ತಾನೂ ನಗುತ್ತಿದ್ದಳು. "ನನಗ ಕಣ್ಣಿನ ಆಸೆ ಜಾಸ್ತಿರಿ" ಎಂದು ನನ್ನ ಮಾತಿಗೆ ಸಾಕ್ಷಿಯನ್ನೂ ಹೇಳುತ್ತಿದ್ದಳು.

ಹಳದಿ ದಾರಿಯ ದಿನವನ್ನು ನಿಮಗೆ ಹೇಳಲೋ ಬೇಡವೋ ಎಂದು ಬಹಳ ಯೋಚಿಸಿದೆ. ಬುರುಜಿಗೆ ನೂರಾರು ಮೆಟ್ಟಿಲು ಎಂದು ಕಾಗದದಲ್ಲಿತ್ತು. "ಕ್ವಾಟಿ ಬುರುಜಿಗೂ ಎಸ್ಕಲೇಟರ ಹಾಕಿರತಾರ ಬಿಡ್ರಿ" ಎಂದು ನೀಲಾ ತಮಾಷೆ ಮಾಡಿದಳು. ನಾನು ನಿಯಮದ ಮನುಷ್ಯ. ಬೆಂಕಿ ಬಿದ್ದರೆ ಇಳಿಯಲು ಇಟ್ಟಿರುವ ಹಿಂಬದಿಯ ಮೆಟ್ಟಿಲಿಗೆ ಕರೆದೊಯ್ದೆ. ಒಂದು ಮಹಡಿ ಹತ್ತಿ ತಿರುಗಿ ನೋಡಿದರೆ ಅವಳು ನಡುವಿನ ತಿರುವಿನಲ್ಲಿ, ಸಿಮೆಂಟಿನ ನೆಲದ ಮೇಲೆ ಕೂತುಬಿಟ್ಟಿದ್ದಳು. ಎದುರಿಗೆ ಬೋಳು ಗೋಡೆ, ಒಂದು ನೀರಿನ ಕೆಂಪು ಕೊಳವೆ. ಆ ಗೋಡೆಯನ್ನು ನೋಡುತ್ತ ಅವಳು, ಮಾತಿನ ನಡುನಡುವೆ ತಡೆದು ತಡೆದು, "ಇಲ್ಲಿಂದ ಊರು... ಎಷ್ಟ್ ಚಂದ ಕಾಣತೈತಿ... ಬರ್ರಿ, ನೀವೂ ಕುಂದರ್ರಿ" ಎಂದಳು.

ನಾನು ಕೂರಲಿಲ್ಲ. ಗಡಿಯಾರ ನೋಡಿಕೊಂಡೆ. "ಇನ್ನೂ ಒಂದ್ ಮಹಡಿ ಐತಿ" ಎಂದೆ. ಅವಳು ಕಟಕಟೆ ಹಿಡಿದು ಎದ್ದಳು, ಹತ್ತಿದಳು. ಮೇಲೆ ಬಂದಾಗ ನಾನು ಚಪ್ಪಾಳೆ ತಟ್ಟಿದೆ.

ಮಾರ್ಚಿನ ಒಂದು ಮಧ್ಯಾಹ್ನ ಅಡುಗೆಮನೆಯಲ್ಲಿ ಬಿದ್ದಳು. ಜಾಬ್ರಿಯಾದ ಆಸ್ಪತ್ರೆಗೆ ಸೇರಿಸಿದೆ. ಪ್ರಜ್ಞೆ ಬರದೆಯೇ ಐದನೆಯ ದಿನ ಹೋದಳು. ಹೃದಯದ ವಾಲ್ವ್ ಒಂದು ಕಿರಿದಾಗಿ ಬಹಳ ದಿನವಾಗಿತ್ತು ಎಂದರು ಡಾಕ್ಟರು. ವಾಲ್ವಿನ ಶಬ್ದ ಕೇಳಿಯೇ ಅದರ ಕಾಯಿಲೆ ಹೇಳಬಲ್ಲವನೆಂದು ಕಂಪನಿಯಲ್ಲಿ ನನಗೆ ಹೆಸರಿದೆ.

ಅವಳಿದ್ದ ವಾರ್ಡಿನಲ್ಲಿ ಉಡುಪಿಯ ಕಡೆಯ ನರ್ಸ್ ಒಬ್ಬರಿದ್ದರು. ಸ್ವಲ್ಪ ದಿನದ ಹಿಂದಿನವರೆಗೂ ಆಸ್ಪತ್ರೆಯ ಬೀದಿಯಲ್ಲೇ ಒಂದು ಹೃದಯದ ಕ್ಲಿನಿಕ್ಕಿನಲ್ಲಿ ಕೆಲಸಕ್ಕಿದ್ದವರಂತೆ. ಮೂರನೆಯ ದಿನ ಅವರು ನನ್ನನ್ನು ಕಾರಿಡಾರಿಗೆ ಕರೆದು ಕೇಳಿದರು: "ಮೇಡಮ್ಮು ಕಳೆದ ವರ್ಷದಿಂದ ನಮ್ಮ ಕ್ಲಿನಿಕ್ಕಿಗೆ ಬರ್ತಿದ್ರಲ್ಲ ಸರ್, ನಿಮ್ಗೆ ಗೊತ್ತೇ ಇರ್ಲಿಲ್ವಾ?" ಮೊಣಕಾಲಿಗೆ ತೋರಿಸಲು ಹೋಗುತ್ತೇನೆಂದು ಟ್ಯಾಕ್ಸಿಯಲ್ಲಿ ಹೋಗುತ್ತಿದ್ದಳು, ಅಷ್ಟೇ ನನಗೆ ಗೊತ್ತಿದ್ದದ್ದು. ನರ್ಸ್ ಹೇಳಿದರು: "ಆಪರೇಷನ್ ಬೇಗ ಮಾಡಿಸಿ ಅಂತ ಡಾಕ್ಟ್ರು ಎಷ್ಟು ಸಲ ಹೇಳಿದ್ರು ಮಾರಾಯ್ರೆ. ಒಂದು ಊರು ನಡೆದು ನೋಡ್ಲಿಕ್ಕುಂಟು, ಅದು ಮುಗಿಸಿ ಬರ್ತೇನೆ ಅಂತಿದ್ರು. ನಡೀಲಿಕ್ಕೆ ಉಸಿರು ಎಲ್ಲಿಂದ ತರ್ತೀರಿ ಅಂತ ನಾನೇ ಕೇಳಿದೆ. ಅಂಗಡಿ ನೋಡಿದ ಹಾಗೆ ಮಾಡಿ ನಿಲ್ತೇನೆ, ಅವ್ರಿಗೆ ಗೊತ್ತಾಗುದಿಲ್ಲ ಅಂತ ನಗಾಡಿದ್ರು."

ಅವಳು ಗಾಜಿನೊಳಗೆ ನೋಡುತ್ತಿರಲಿಲ್ಲ. ಉಸಿರು ವಾಪಸು ಬರಲೆಂದು ಕಾಯುತ್ತಿದ್ದಳು. ನಾನು ಮುಂದೆ ನಿಂತು ನಡೀ ನಡೀ ಎನ್ನುತ್ತಿದ್ದೆ. ಇದನ್ನು ಚಂದ ಮಾಡಿ ಹೇಳುವ ದಾರಿ ನನಗೆ ಗೊತ್ತಿಲ್ಲ, ಅದಕ್ಕೇ ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದೇನೆ. ನನ್ನ ಮೇಲೆ ಸಿಟ್ಟು ಬಂದಷ್ಟೇ ಅವಳ ಮೇಲೂ ಬಂದಿತ್ತು. ಹೇಳಬಾರದಿತ್ತೇ? ಹೇಳಿದ್ದರೆ ಪ್ರವಾಸ ರದ್ದು ಮಾಡುತ್ತಿದ್ದೆ, ನಿಜ. ಮಾಡಿದ್ದರೆ ಇವತ್ತು ಅವಳು ಮನೆಯಲ್ಲಿ ಕೂತು ನನ್ನನ್ನು ಬೈಯುತ್ತಿದ್ದಳು. ಅಷ್ಟು ಸಾಕಾಗಿತ್ತು ನನಗೆ.

"ಅಪ್ಪಾ, ಯು ಶುಡ್ ಗೋ. ಅಮ್ಮ ವುಡ್ ಲೈಕ್ ಇಟ್" ಎಂದು ಮಗಳು ಫೋನಿನಲ್ಲಿ ಹೇಳುತ್ತಿರುತ್ತಾಳೆ. ವೀಸಾದ ಅವಧಿ ಮುಗಿದು ಹೋಗಿದೆ, ಹೊಸದು ಮಾಡಿಸಬಹುದು. ನಾನು ಮಾಡಿಸಿಲ್ಲ. ಆ ಊರಿಗೆ ಹೋದರೂ ಚರ್ಚಿನ ಮುಂದೆ ನಿಂತು ಗಡಿಯಾರದ ಅಂಗಡಿಯನ್ನೇ ಹುಡುಕುತ್ತೇನೆ ಎಂದು ನನಗೆ ಅನುಮಾನ. ಶನಿವಾರ ಬೆಳಿಗ್ಗೆ ಮಾತ್ರ ಕಾಲು ತಾನಾಗಿ ಮಾಲಿನ ಕಡೆ ಹೋಗುತ್ತದೆ. ಈಗ ಕೆಂಪು ದಾರಿಗೆ ಎರಡು ಗಂಟೆ ಹಿಡಿಯುತ್ತದೆ. ಪ್ರತಿಯೊಂದು ನಂಬರಿನಲ್ಲೂ ನಿಲ್ಲುತ್ತೇನೆ. ಟೈಗಳ ಬಗ್ಗೆ ಈಗ ನನಗೆ ಸಾಕಷ್ಟು ತಿಳಿವಳಿಕೆ ಬಂದಿದೆ.

ಮೊನ್ನೆ ಶನಿವಾರದ ಮಾತು. ಬಿಳಿ ನಿಲುವಂಗಿಯ ಕೆಳಗೆ ಓಟದ ಬೂಟು ತೊಟ್ಟ ಒಬ್ಬ ವಯಸ್ಸಾದ ಕುವೈತಿ ದಾಪುಗಾಲು ಹಾಕುತ್ತ ನನ್ನನ್ನು ದಾಟಿ ಹೋದ. ಅವನ ಹಿಂದೆ ಬಹಳ ದೂರದಲ್ಲಿ ಕಪ್ಪು ಅಬಾಯ ಹೊದ್ದ ಮುದುಕಿ. ಚಪ್ಪಲಿ ಅಂಗಡಿಯ ಗಾಜಿಗೆ ಒಂದು ಕೈ ಊರಿ ನಿಂತಿದ್ದಾಳೆ. ಮುದುಕ ಹಿಂತಿರುಗಿ "ಯಲ್ಲಾ, ಯಲ್ಲಾ!" ಎಂದು ಕೂಗಿದ. ನಡೀ, ನಡೀ ಎಂದು. ನನಗೆ ಏನಾಯಿತೋ ಗೊತ್ತಿಲ್ಲ. ಓಡಿಹೋಗಿ ಅವನ ಮುಂದೆ ನಿಂತೆ. ಮೂವತ್ತು ವರ್ಷದಲ್ಲಿ ಕಲಿತ ಹರಕು ಅರಬ್ಬಿಯಲ್ಲಿ, "ಹಾಜಿ, ಶ್ವಯ್ಯ ಶ್ವಯ್ಯ. ಮಾಮಾ ತಾಬಾನ್" ಎಂದೆ. ನಿಧಾನ, ನಿಧಾನ, ಅಮ್ಮ ದಣಿದಿದ್ದಾಳೆ ಎಂದು.

ಅವನ ಮುಖ ಬಿಳುಚಿತು. ಲಗುಬಗೆಯಿಂದ ಹಿಂದಕ್ಕೆ ಓಡಿದ. ನಾನೂ ಹಿಂದೆ ಹೋದೆ. ಮುದುಕಿ ನಮ್ಮಿಬ್ಬರನ್ನೂ ನೋಡಿ, ಅವನು ಹೇಳಿದ್ದನ್ನು ಕೇಳಿ, "ತಾಬಾನಾ? ಅನಾ?" ಎಂದು ಗದರಿದಳು. ದಣಿವೇ, ನನಗೇ? ಗಾಜಿನೊಳಗಿದ್ದ ಬಂಗಾರದ ಬಣ್ಣದ ಚಪ್ಪಲಿಯತ್ತ ಬೆರಳು ತೋರಿಸಿದಳು. ಅವಳು ನಿಜವಾಗಿಯೂ ಚಪ್ಪಲಿ ನೋಡುತ್ತಿದ್ದಳು! ನೋಡುವುದಕ್ಕೆಂದೇ ನಿಲ್ಲುವ ಹೆಂಗಸರೂ ಲೋಕದಲ್ಲಿದ್ದಾರೆ ಎಂದು ನನಗಾದ ಸಂತೋಷ ಅಷ್ಟಿಷ್ಟಲ್ಲ. ಕ್ಷಮೆ ಕೇಳಿ ನಗತೊಡಗಿದೆ, ಕಣ್ಣಲ್ಲಿ ನೀರೂ ಬಂತು. ಮುದುಕಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ದನಿ ಇಳಿಸಿ ಕೇಳಿದಳು: "ವೇನ್ ಮಾಮಾ ಮಾಲ್ ಇನ್ತ?" ನಿನ್ನ ಮನೆಯ ಅಮ್ಮ, ಅಂದರೆ ನಿನ್ನ ಹೆಂಡತಿ, ಎಲ್ಲಿ?

ತೀರಿಕೊಂಡಳು ಎನ್ನುವುದಕ್ಕೆ ಅರಬ್ಬಿ ಮಾತು ನನಗೆ ಗೊತ್ತು. ಆಸ್ಪತ್ರೆಯಲ್ಲಿ, ದೂತಾವಾಸದಲ್ಲಿ, ಎಷ್ಟೋ ಕಿಟಕಿಗಳ ಮುಂದೆ ಹೇಳಿದ್ದೇನೆ. ಅವತ್ತು ಅದು ಬಾಯಿಗೆ ಬರಲಿಲ್ಲ. ಕೈ ಹಿಂದಕ್ಕೆ ಮಾಡಿ, "ವರಾ" ಎಂದೆ. ಹಿಂದೆ ಇದ್ದಾಳೆ. ನಿಧಾನಕ್ಕೆ ಬರುತ್ತಿದ್ದಾಳೆ.

ಮುದುಕಿ ತಲೆಯಾಡಿಸಿದಳು. ಹೆಂಗಸನ್ನು ಹಿಂದೆ ಬಿಟ್ಟು ಬಂದಿದ್ದಕ್ಕೆ ನಮ್ಮಿಬ್ಬರನ್ನೂ ಸೇರಿಸಿ ಎರಡು ಮಾತು ಬೈದು, ಅಲ್ಲಿದ್ದ ಬೆಂಚಿನ ಮೇಲೆ ತಾನು ಕೂತು, ನಮ್ಮನ್ನೂ ಕೂರಿಸಿದಳು. ನಿನ್ನವಳು ಬಂದ ಮೇಲೆಯೇ ಹೋಗೋಣ ಎಂದಳು. ಆ ದೊಡ್ಡ ಮನುಷ್ಯ ನನ್ನ ಪಕ್ಕದಲ್ಲಿ ಕೂತ. ಮೂವರೂ ನಾನು ಬಂದ ದಿಕ್ಕಿಗೆ ಮುಖ ಮಾಡಿ ನೋಡುತ್ತ ಕೂತೆವು. ಎಷ್ಟು ಹೊತ್ತಾಯಿತೆಂದು ನಾನು ಗಡಿಯಾರ ನೋಡಲಿಲ್ಲ. ಮದುವೆಯಾದಂದಿನಿಂದ ನಾನು ನೀಲಾಳಿಗಾಗಿ ಅಷ್ಟು ಹೊತ್ತು ಕಾದದ್ದು ಅದೇ ಮೊದಲು.