ಸರಸಮ್ಮನ ಹಿತ್ತಲಿನ ಮೂರು ರೂಮು

ಸರಸಮ್ಮ ಜೀವಮಾನದಲ್ಲಿ ಮೊದಲ ಸಲ ದುಡ್ಡು ಕೊಟ್ಟು ದಂಟಿನ ಸೊಪ್ಪು ಕೊಂಡಾಗ ಅವಳಿಗೆ ಐವತ್ತೊಂದು ವರ್ಷ. ತಳ್ಳುಗಾಡಿಯವನು ಎರಡು ಕಟ್ಟು ಸೊಪ್ಪನ್ನು ಪ್ಲಾಸ್ಟಿಕ್ ಕವರಿಗೆ ತುರುಕಿ ಕೊಟ್ಟ. ಆಕೆ ಅದನ್ನು ಸೆರಗಿನೊಳಗೆ ಮುಚ್ಚಿಕೊಂಡು, ಬೀದಿಯ ಎರಡೂ ತುದಿ ನೋಡಿ, ಕೋಳಿ ಕದ್ದವಳ ಹಾಗೆ ಮನೆಯೊಳಕ್ಕೆ ನುಗ್ಗಿದಳು. 

ಇದರಲ್ಲಿ ನಾಚಿಕೆ ಪಡುವಂಥದ್ದೇನಿದೆ ಎಂದು ಪೇಟೆಯವರು ಕೇಳಬಹುದು. ಅವರಿಗೆ ಸರಸಮ್ಮ ಗೊತ್ತಿಲ್ಲ. ದೊಡ್ಡಆಲಹಳ್ಳಿಯಲ್ಲಿ ಹುಟ್ಟಿ, ಹತ್ತೊಂಬತ್ತಕ್ಕೆ ಬೋರಲಿಂಗಯ್ಯನ ಕೈಹಿಡಿದು, ರಾಮನಗರಕ್ಕೂ ಬಿಡದಿಗೂ ನಡುವೆ ಇರುವ ನಮ್ಮೂರಿಗೆ ಬಂದವಳು. ಬಂದ ಮೂರನೇ ದಿನಕ್ಕೇ ಅತ್ತೆ ಅವಳ ಕೈಗೆ ಕುಡುಗೋಲು ಕೊಟ್ಟು ಹಿಪ್ಪುನೇರಳೆ ತೋಟಕ್ಕೆ ಅಟ್ಟಿದಳಂತೆ. ಅಲ್ಲಿಂದ ಮೂವತ್ತು ವರ್ಷ ರೇಷ್ಮೆಹುಳಕ್ಕೆ ಸೊಪ್ಪು ಹಾಕಿದಳು. ಬದುವಿನ ಮೇಲೆ ತೊಗರಿ, ಅವರೆ, ಸಂದಿಯಲ್ಲಿ ಬದನೆ, ಮೂಲೆಯಲ್ಲಿ ಕುಂಬಳ ಬೆಳೆದು ಇಡೀ ಬೀದಿಗೆ ಹಂಚಿದಳು. ತರಕಾರಿ ಎನ್ನುವುದು ಕೊಡುವ ವಸ್ತುವೇ ಹೊರತು ಕೊಳ್ಳುವ ವಸ್ತುವಲ್ಲ ಎಂಬುದು ಅವಳ ಸಂವಿಧಾನದ ಮೊದಲನೇ ಕಲಮು.

ಆ ಸಂವಿಧಾನವನ್ನು ರದ್ದು ಮಾಡಿದ್ದು ಕಾರ್ಖಾನೆ. 2005ರಲ್ಲಿ ಹೊಲ ಕೈಗಾರಿಕಾ ಪ್ರದೇಶಕ್ಕೆ ಹೋಯಿತು. ಹಿಪ್ಪುನೇರಳೆ ಇದ್ದಲ್ಲಿ ನೀಲಿ ತಗಡಿನ ಚಾವಣಿ ಎದ್ದಿತು. ತೊಗರಿಯ ಬದುವಿನ ಮೇಲೆ ಸೆಕ್ಯೂರಿಟಿಯವನ ಗೂಡು ಬಂದು ಕೂತಿತು. ಪರಿಹಾರ ಬಂದಾಗ ಮನೆಗೆ ಆರ್‌ಸಿಸಿ ಚಾವಣಿ, ನಡುಮನೆಗೆ ಮುಖ ಕಾಣುವಂಥ ಟೈಲ್ಸು ಬಂದವು. ಎತ್ತುಗಳನ್ನು ಮಾರಿದರು. ಎತ್ತಿನ ಹಿಂದೆ ನಲವತ್ತು ವರ್ಷ ನಡೆದರೂ ಒಮ್ಮೆಯೂ ಮುಗ್ಗರಿಸದ ಬೋರಲಿಂಗಯ್ಯ, ಆ ಟೈಲ್ಸಿನ ಮೇಲೆ ಒಂದೇ ವಾರದಲ್ಲಿ ಎರಡು ಸಲ ಬಿದ್ದ.

ಇಷ್ಟೆಲ್ಲ ಹೋದ ಮೇಲೆ ಉಳಿದದ್ದು ಮನೆಯ ಹಿಂದಿನ ಹಿತ್ತಲು. ಬಚ್ಚಲ ನೀರು ಹೋಗುವ ಕಡೆ ಒಂದು ಕರಿಬೇವು, ಒಂದು ದೊಡ್ಡಪತ್ರೆ, ನಾಲ್ಕು ಮೆಣಸಿನ ಗಿಡ. ಮಿಕ್ಕಿದ್ದು ಬರೀ ನೆಲ. ಆ ನೆಲದ ಮೇಲೆ ಗಂಡನಿಗೂ ಕಣ್ಣಿತ್ತು, ಹೆಂಡತಿಗೂ ಕಣ್ಣಿತ್ತು.

ಗಂಡನ ಕಣ್ಣು ಬಾಡಿಗೆಯ ಕಣ್ಣು. ರಾಮನಗರ ಇನ್ನೂ ಜಿಲ್ಲೆಯಾಗದೆ ತಾಲ್ಲೂಕಾಗಿಯೇ ಇದ್ದ ಕೊನೆಯ ಬೇಸಿಗೆ ಅದು, 2007. ಊರಿಗೆಲ್ಲ ರೂಮು ಕಟ್ಟುವ ಜ್ವರ ಬಂದಿತ್ತು. ಕಾರ್ಖಾನೆಯ ಹುಡುಗರಿಗೆ ಬಾಡಿಗೆಗೆ ಕೊಡಲು ಜನ ದನದ ಕೊಟ್ಟಿಗೆಗೆ ಬಾಗಿಲಿಟ್ಟರು, ಹುಳದ ಮನೆಗೆ ಫ್ಯಾನು ಹಾಕಿದರು. ಹುಳು ಮಲಗುತ್ತಿದ್ದ ಜಾಗದಲ್ಲಿ ಫಿಟ್ಟರು ಮಲಗತೊಡಗಿದ. ಬೋರಲಿಂಗಯ್ಯನೂ ಹಿತ್ತಲಲ್ಲಿ ಮೂರು ರೂಮು, ಒಂದು ಬಚ್ಚಲು ಎಂದು ಲೆಕ್ಕ ಹಾಕಿ, ಶಿವರಾತ್ರಿಯ ಮಾರನೇ ದಿನ ವಹಾಬ್ ಮೇಸ್ತ್ರಿಯನ್ನು ಕರೆತಂದ. ವಹಾಬ್ ಹಗ್ಗ ಹಿಡಿದು, ಸುಣ್ಣದ ಪುಡಿ ಉದುರಿಸಿ, ನೆಲದ ಮೇಲೆ ಅಚ್ಚುಕಟ್ಟಾಗಿ ಗೆರೆ ಎಳೆದ.

"ಕೈ ತುಂಬ ಕೆಲ್ಸ ಐತೆ ಗೌಡ್ರೇ. ಬಸವ ಜಯಂತಿ ದಿನ ಬಂದು ಪಾಯ ತೆಗೀತೀನಿ," ಎಂದು ಹೇಳಿ ಹೋದ.

ಗೌಡರ ಆತುರ ನೋಡಿ. ಎರಡು ತಿಂಗಳ ನಂತರದ ಪಾಯಕ್ಕೆ ಮರುದಿನವೇ ಒಂದು ಲೋಡು ಸೈಜುಕಲ್ಲು, ಒಂದು ಲೋಡು ಇಟ್ಟಿಗೆ ತರಿಸಿ, ಹಿತ್ತಲಿಗೆ ಹೋಗುವ ಓಣಿಯಲ್ಲಿ ಸುರಿಸಿಬಿಟ್ಟ. ಓಣಿ ಮುಚ್ಚಿಹೋಯಿತು. ಇನ್ನು ಹಿತ್ತಲಿಗೆ ಮನೆಯೊಳಗಿಂದ ಮಾತ್ರ ದಾರಿ. ಈ ಇಟ್ಟಿಗೆಗಳನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು.

ಸರಸಮ್ಮ ಸೊಂಟದ ಮೇಲೆ ಕೈಯಿಟ್ಟು ಸುಣ್ಣದ ಗೆರೆಗಳನ್ನು ನೋಡಿದಳು. ಜಗಳಕ್ಕೆ ಬರಲಿಲ್ಲ. ಬಂದಿದ್ದರೆ ಬೋರಲಿಂಗಯ್ಯ ಬಚಾವಾಗುತ್ತಿದ್ದ.

"ಅಲ್ಲ ಕಣ್ರೀ, ಬಸವ ಜಯಂತಿಗಂಟ ನೆಲ ಸುಮ್ನೆ ಬಿದ್ದಿರ್ತದಲ್ಲಾ. ಒಸಿ ಸೊಪ್ಪು ಚೆಲ್ಕೊಳ್ಳಾ?"

"ಚೆಲ್ಕೊ. ಪಾಯ ತೆಗ್ಯೋ ದಿನ ಕಿತ್ಕೊಂಡುಬುಡು. ಆಮೇಕೆ ಅಳ್ಬಾರ್ದು."

"ನಾನ್ಯಾಕಳ್ಲಿ?" ಎಂದಳು ಸರಸಮ್ಮ. ಅವಳು ಸಂಕ್ರಾಂತಿಯಲ್ಲೇ ಒಡೆದ ಮಡಕೆಗಳಲ್ಲಿ ಬದನೆ ಸಸಿ ಮಾಡಿ ಹಂಡೆಯ ಹಿಂದೆ ಮುಚ್ಚಿಟ್ಟಿದ್ದಳು.

ದೊಡ್ಡ ದೊಡ್ಡ ದಂಡನಾಯಕರು ಶತ್ರುವಿನ ನಕ್ಷೆಯನ್ನು ಕದ್ದು ಯುದ್ಧ ಗೆದ್ದದ್ದುಂಟು. ಸರಸಮ್ಮನಿಗೆ ಕದಿಯುವ ಕಷ್ಟವೂ ಇರಲಿಲ್ಲ. ಶತ್ರುವೇ ನೆಲದ ಮೇಲೆ ಬರೆದು ಕೊಟ್ಟಿದ್ದ. ವಹಾಬನ ಗೆರೆಗಳನ್ನು ಒಂದಿಷ್ಟೂ ಅಳಿಸದೆ ಅವಳು ತೋಟದ ಪ್ಲಾನು ಮಾಡಿದಳು. ಒಂದನೇ ರೂಮಿಗೆ ಬದನೆ ಮತ್ತು ಮೆಣಸಿನಕಾಯಿ. ಎರಡನೇ ರೂಮಿಗೆ ಹುರುಳಿಕಾಯಿ, ಹಾಗಲ. ಬಚ್ಚಲಿಗೆ ಕುಂಬಳ, ಏಕೆಂದರೆ ಕುಂಬಳಕ್ಕೆ ನೀರು ಜಾಸ್ತಿ ಬೇಕು. ರೂಮುಗಳ ಮುಂದಿನ ಪಡಸಾಲೆಗೆ ದಂಟು, ಮೆಂತ್ಯ, ಸಬ್ಬಸಿಗೆ. ಒಂದನೇ ರೂಮಿನ ಬಾಗಿಲಿದ್ದ ಕಡೆ ಒಂದು ಗಿಡವನ್ನೂ ನೆಡಲಿಲ್ಲ, ಓಡಾಡಲು ದಾರಿ ಬೇಕಲ್ಲ.

ಗೊಬ್ಬರಕ್ಕೆ ಪಕ್ಕದ ಮನೆಯ ಮುನಿಶಾಮಯ್ಯನ ಹುಳದ ಮನೆಯಿಂದ ಹುಳದ ಹಿಕ್ಕೆ ಬಂತು. ಬಳ್ಳಿ ಹಬ್ಬಿಸಲು ಅಟ್ಟದಿಂದ ಚಂದ್ರಿಕೆಗಳು ಇಳಿದವು. ಹಣ್ಣಾದ ರೇಷ್ಮೆಹುಳು ಗೂಡು ಕಟ್ಟಲೆಂದು ಬಿಡುವ ಬಿದಿರಿನ ದೊಡ್ಡ ತಟ್ಟೆಗಳು ಅವು. ಎರಡು ವರ್ಷದಿಂದ ಕೆಲಸವಿಲ್ಲದೆ ಧೂಳು ತಿನ್ನುತ್ತಿದ್ದವು. ಸರಸಮ್ಮ ಹನ್ನೆರಡು ಚಂದ್ರಿಕೆಗಳನ್ನು ಗೂಟಕ್ಕೆ ಕಟ್ಟಿ ನಿಲ್ಲಿಸಿದಳು. ದೂರದಿಂದ ನೋಡಿದರೆ ಗುರಾಣಿ ಹಿಡಿದ ಸೈನ್ಯ ನಿಂತ ಹಾಗಿತ್ತು. ನೀರಿನ ವಿಷಯದಲ್ಲಿ ಗಂಡನೂ ಸೇವೆಗೆ ಬಿದ್ದ. "ಇನ್ನೆರಡು ಚೊಂಬು ಹುಯ್ಕೊಳ್ರೀ, ಮೈಯೆಲ್ಲ ಧೂಳು," ಎಂಬ ಉಪಚಾರ ದಿನಾ ಬಚ್ಚಲ ಬಾಗಿಲಿಂದ ಕೇಳುತ್ತಿತ್ತು. ತಾನು ಸ್ನಾನ ಮಾಡುತ್ತಿಲ್ಲ, ಕುಂಬಳಕ್ಕೆ ನೀರು ಕಟ್ಟುತ್ತಿದ್ದೇನೆ ಎಂಬುದು ಅವನಿಗೆ ತಿಳಿಯಲೇ ಇಲ್ಲ.

ಆದರೆ ಮೂರನೇ ರೂಮು ಸೋಲಿಸಿತು. ಮೊದಲು ಗಾಡಿ ನಿಲ್ಲುತ್ತಿದ್ದ, ಹುಲ್ಲಿನ ಮೆದೆ ಹಾಕುತ್ತಿದ್ದ ಜಾಗ ಅದು, ನೆಲ ಬಂಡೆಯಾಗಿತ್ತು. ಹಾರೆ ಹಾಕಿದರೆ ಹಾರೆಯೇ ಕುಣಿಯಿತು. ನಾಲ್ಕು ದಿನ ಗುದ್ದಾಡಿ, ಅಂಗೈಯಲ್ಲಿ ಗುಳ್ಳೆ ಎಬ್ಬಿಸಿಕೊಂಡು, ಸರಸಮ್ಮ ಹಾರೆ ಕೆಳಗಿಟ್ಟಳು. ಅದಕ್ಕೆ ನೇಗಿಲೇ ಬೇಕಿತ್ತು.

ಇಷ್ಟರಲ್ಲಿ ಯುಗಾದಿ ಬಂತು. ಆ ದಿನ ನಮ್ಮ ಕಡೆ ಹೊನ್ನಾರು ಕಟ್ಟುತ್ತಾರೆ. ಎತ್ತಿಗೆ ಪೂಜೆ ಮಾಡಿ, ನೇಗಿಲು ಹೂಡಿ, ವರ್ಷದ ಮೊದಲ ಸಾಲು ಉಳುವ ಶಾಸ್ತ್ರ. ಈ ವರ್ಷ ಯಾರ ಹೆಸರಿಗೆ ಬಲವಿದೆ, ಮೊದಲ ಸಾಲು ಯಾರು ಹೊಡೆಯಬೇಕು ಎಂದು ಗುಡಿಯ ಅಯ್ಯನವರು ಪಂಚಾಂಗ ನೋಡಿ ಹೇಳುತ್ತಾರೆ. ಊರಿನವರೆಲ್ಲ ಅರಳಿಕಟ್ಟೆಯ ಬಳಿ ಸೇರಿದ್ದರು. ಅಯ್ಯನವರು ಪಂಚಾಂಗ ತಿರುವಿ, ಕೆಮ್ಮಿ, ಹೇಳಿದರು:

"ಈ ಸಲ ಬೋರಲಿಂಗಯ್ಯನ ಹೆಸರು ಬಂದದೆ."

ಹಿಂದಿನ ದಿನ ಸರಸಮ್ಮ ಅಯ್ಯನವರ ಮನೆಗೆ ಒಂದು ಮೊರ ದಂಟಿನ ಸೊಪ್ಪು ಕೊಟ್ಟು ಬಂದದ್ದಕ್ಕೂ ಇದಕ್ಕೂ ಸಂಬಂಧವಿದೆ ಎಂದು ಹೇಳಿದರೆ ನನ್ನ ನಾಲಿಗೆ ಬಿದ್ದುಹೋಗಲಿ. ಹೆಸರಿನ ಬಲ ಹೆಸರಿನ ಬಲವೇ.

ಬೋರಲಿಂಗಯ್ಯನ ಮುಖ ಅರಳಿ, ಮರುಗಳಿಗೆ ಬಾಡಿತು. ಹೊಲ ಹೋದ ಮೇಲೆ ಎರಡು ಯುಗಾದಿ ಅವನು ಜಗಲಿಯ ಮೇಲೆ ಕೂತು ಬೇರೆಯವರ ಎತ್ತು ಹೋಗುವುದನ್ನು ನೋಡಿದ್ದ. ಊರಿಗೆ ಒಂದೇ ಜೊತೆ ಎತ್ತು ಉಳಿಸಿಕೊಂಡಿದ್ದ ಮುನಿಶಾಮಯ್ಯ ಸುಮ್ಮನಿರುವ ಪೈಕಿಯಲ್ಲ.

"ಏನ್ಲಾ ಬೋರ, ಎಲ್ಲಿ ಹೊಡೀತೀಯ ಸಾಲ? ಟೈಲ್ಸ್ ಮ್ಯಾಲಾ? ಇಲ್ಲ ಕಾರ್ಖಾನೆ ಗೇಟ್ ತಾವ ಹೋಗಿ ಪಾಸ್ ತಗಂಡು ಹೊಡೀತೀಯಾ?"

ಕಟ್ಟೆಯೆಲ್ಲ ನಕ್ಕಿತು. "ಬೇರೆಯೋರ ಹೆಸ್ರು ನೋಡಿ ಅಯ್ನೋರೇ," ಎಂದ ಇನ್ನೊಬ್ಬ.

ಆಗ ಹೆಂಗಸರ ಗುಂಪಿನಿಂದ ಸರಸಮ್ಮನ ದನಿ ಬಂತು. "ಯಾಕೆ ಮುನಿಶಾಮಣ್ಣ, ನಮ್ಗೇನು ನೆಲ ಇಲ್ವಾ? ಹಿತ್ತಲು ಐತಲ್ಲ! ನಮ್ಮೆಜಮಾನ್ರ ಕೈಲಿ ನೇಗಿಲು ಹಿಡಿಯಾಕಾಗದಾ, ಕೇಳಿ ಒಸಿ."

ಈ ಮಾತು ಬೋರಲಿಂಗಯ್ಯನ ಬೆನ್ನುಹುರಿಯೊಳಗೆ ಬಿತ್ತು. ಬುದ್ಧಿಯ ತನಕ ಅದು ಹೋಗಲಿಲ್ಲ.

"ಹೂಡ್ಲಾ ಎತ್ತ!" ಎಂದು ಘರ್ಜಿಸಿದ. "ನಮ್ಮ ಹಿತ್ತಲಾಗೇ ಹೊನ್ನಾರು!"

ಮೆರವಣಿಗೆ ಮನೆಗೆ ಬಂತು. ಓಣಿಯಲ್ಲಿ ಇಟ್ಟಿಗೆ. ಎತ್ತು ಹೋಗಲು ದಾರಿಯೇ ಇಲ್ಲ. ಎಲ್ಲರೂ ಬೋರಲಿಂಗಯ್ಯನ ಮುಖ ನೋಡಿದರು. ಬೋರಲಿಂಗಯ್ಯ ಇಟ್ಟಿಗೆಯ ಮುಖ ನೋಡಿದ.

"ಮನೆಯೊಳಗಿಂದ ಬರ್ಲಿ," ಎಂದಳು ಸರಸಮ್ಮ. ಮುಂಬಾಗಿಲು, ಹಿತ್ತಲ ಬಾಗಿಲು ಎರಡನ್ನೂ ಅಗಲಕ್ಕೆ ತೆರೆದು, ಟೈಲ್ಸಿನ ಮೇಲೆ ಉದ್ದಕ್ಕೂ ಗೋಣಿಚೀಲ ಹಾಸಿದಳು.

ಆ ಪ್ರವೇಶವನ್ನು ಕಂಡವರು ಇವತ್ತಿಗೂ ಮರೆತಿಲ್ಲ. ಕೊಂಬಿಗೆ ಬಣ್ಣ, ಕೊರಳಿಗೆ ಗೆಜ್ಜೆ ಕಟ್ಟಿದ ಎರಡು ಎತ್ತುಗಳು ಒಂದರ ಹಿಂದೊಂದು ಹೊಸಲು ದಾಟಿ ನಡುಮನೆಗೆ ಬಂದವು. ಮೊದಲನೆಯದು ಬಾಗಿಲ ತೋರಣದ ಮಾವಿನೆಲೆಯನ್ನು ದಾರಿಯುದ್ದಕ್ಕೂ ಅಗಿಯಿತು. ಎರಡನೆಯದು ಟಿ.ವಿ. ಎದುರು ನಿಂತು, ಅದರಲ್ಲಿ ಹೇಳುತ್ತಿದ್ದ ವರ್ಷಭವಿಷ್ಯವನ್ನು ಒಂದು ಗಳಿಗೆ ಆಲಿಸಿ, ತನ್ನ ಅಭಿಪ್ರಾಯವನ್ನು ಟೈಲ್ಸಿನ ಮೇಲೆ ಬಿಸಿಬಿಸಿಯಾಗಿ ಹಾಕಿ ಮುಂದೆ ನಡೆಯಿತು. ಸರಸಮ್ಮ ಅದನ್ನು ಎರಡೂ ಕೈಯಲ್ಲಿ ಬಾಚಿಕೊಂಡು ಹೂವಿನಂತೆ ಹಿಡಿದು ಹಿಂದೆಯೇ ಹೋದಳು. ಮೆರವಣಿಗೆ ಅಡುಗೆಮನೆ ದಾಟಿತು, ಹಿತ್ತಲ ಬಾಗಿಲು ದಾಟಿತು. ನೇಗಿಲನ್ನು ಮುನಿಶಾಮಯ್ಯನೇ ಹೊತ್ತು ತಂದ.

ಬೋರಲಿಂಗಯ್ಯ ನೇಗಿಲ ಮೇಣಿ ಹಿಡಿದ. ಎರಡು ವರ್ಷದಿಂದ ಬಾಗಿದ್ದ ಬೆನ್ನು ನೆಟ್ಟಗಾಯಿತು. "ಹೋ ಹೋ ಹೋ" ಎಂಬ ಆ ಹಳೇ ಕೂಗಿಗೆ ಎತ್ತು ಕಿವಿ ನಿಮಿರಿಸಿತು. ಹಾರೆಗೆ ಬಗ್ಗದ ಮೂರನೇ ರೂಮು ನೇಗಿಲ ಗುಳಕ್ಕೆ ಬಿರಿಯಿತು. ಒಂದು ಸಾಲಿಗೆ ಶಾಸ್ತ್ರ ಮುಗಿಯುತ್ತದೆ. ಬೋರಲಿಂಗಯ್ಯ ಇಪ್ಪತ್ತೆರಡು ಸಾಲು ಹೊಡೆದ. ಹಗ್ಗ ಬಿಡಿಸಿಕೊಳ್ಳಲು ಮುನಿಶಾಮಯ್ಯ ಬೇಡಿಕೊಳ್ಳಬೇಕಾಯಿತು.

ಬೆವರು ಒರೆಸಿಕೊಂಡು ನಿಂತ ಗಂಡನಿಗೆ ಸರಸಮ್ಮ ಬೇವು ಬೆಲ್ಲ ಕೊಟ್ಟಳು. ಸಂಜೆಯೊಳಗೆ ಆ ಸಾಲುಗಳಲ್ಲಿ ಏನೇನೋ ನೆಟ್ಟಳು.

ಅಲ್ಲಿಂದ ಮುಂದೆ ಗೌಡರಿಗೆ ಹಿತ್ತಲು "ನಮ್ಮೊಲ" ಆಯಿತು. ಬೆಳಿಗ್ಗೆ ಎದ್ದವನೇ ಕೋಳಿ ಅಟ್ಟಲು ಹೋಗುತ್ತಿದ್ದ. ಸೊಪ್ಪು ಕಿತ್ತಾಗ ಬೀದಿಗೆ ಹಂಚುವ ಕೆಲಸ ತಾನೇ ವಹಿಸಿಕೊಂಡ. "ನಮ್ಮೊಲದ್ದು ಕಣ್ಲಾ, ಔಷ್ದಿ ಹೊಡೆದಿಲ್ಲ," ಎಂದು ಮುನಿಶಾಮಯ್ಯನ ಮನೆಗೂ ಹೋಗಿ ಎರಡು ಕಟ್ಟು ಕೊಟ್ಟು, ಅವನ ಮುಖವನ್ನು ಚೆನ್ನಾಗಿ ನೋಡಿಕೊಂಡು ಬಂದ. ಆದರೂ ರೂಮಿನ ಆಸೆ ಪೂರ್ತಿ ಸತ್ತಿರಲಿಲ್ಲ. "ಬಸವ ಜಯಂತಿಗೆ ಕಿತ್ಬುಡಬೇಕು, ಮಾತು ಮಾತೇ," ಎಂದು ಆಗಾಗ ತನಗೇ ಹೇಳಿಕೊಳ್ಳುತ್ತಿದ್ದ. ಕೇಳಿದಾಗಲೆಲ್ಲ ಸರಸಮ್ಮ ಹೋಗಿ ಮೂರನೇ ರೂಮಿನ ಸಾಲಿಗೆ ಇನ್ನೊಂದು ಚೊಂಬು ನೀರು ಹುಯ್ಯುತ್ತಿದ್ದಳು. ಮತ್ತೆ ಆ ಪ್ಲಾಸ್ಟಿಕ್ ಕವರು, ಮತ್ತೆ ಆ ತಳ್ಳುಗಾಡಿ!

ಬಸವ ಜಯಂತಿ ಬಂತು. ವಹಾಬ್ ಹಗ್ಗ, ಗೂಟ, ಗುದ್ದಲಿಯವರ ಸಮೇತ ಹಿತ್ತಲಿಗೆ ಬಂದು, ಬಾಗಿಲಲ್ಲೇ ನಿಂತ.

"ನನ್ ಗೆರೆ ಎಲ್ಲಿ?"

ಗೆರೆ ಎಲ್ಲಿ ಕಾಣಬೇಕು? ಒಂದನೇ ರೂಮಿನಲ್ಲಿ ಬದನೆ ತೊನೆಯುತ್ತಿತ್ತು. ಎರಡನೇ ರೂಮಿನ ಚಂದ್ರಿಕೆಗಳಿಂದ ಹುರುಳಿಕಾಯಿ ಗೊಂಚಲು ಗೊಂಚಲಾಗಿ ನೇತಾಡುತ್ತಿತ್ತು. ಕುಂಬಳ ಬಚ್ಚಲಿನ ಮಿತಿಯನ್ನು ಮೀರಿ, ಪಡಸಾಲೆ ಹಾಯ್ದು, ಕಾಂಪೌಂಡು ಹತ್ತಿ, ಮುನಿಶಾಮಯ್ಯನ ಕಡೆ ಇಣುಕುತ್ತಿತ್ತು. ವಹಾಬ್ ಗೂಟ ನೆಡಲು ಒಂದು ಹೆಜ್ಜೆ ಮುಂದಿಟ್ಟ.

"ಏಯ್! ಕಾಲ್ ನೋಡ್ಕಂಡು ಇಡಯ್ಯ! ಬಳ್ಳಿ ತುಳೀತೀಯಲ್ಲಾ!" ಎಂದು ಕೂಗಿದವನು ಬೋರಲಿಂಗಯ್ಯ. ಕೂಗಿದ ಮೇಲೆ ಅವನಿಗೇ ಗಾಬರಿಯಾಯಿತು.

ವಹಾಬ್ ಆಚೆ ಸರಿದು ಮೂರನೇ ರೂಮಿನ ಕಡೆ ಹೋದ. ಅಲ್ಲಿ ನೇಗಿಲ ಸಾಲುಗಳು ಕಂಡವು. ಗೂಟ ಕೆಳಗಿಟ್ಟ.

"ಇದೇನ್ ಗೌಡ್ರೇ ಇದು?"

"ಹೊನ್ನಾರು ಕಟ್ದೆ ಕಣಯ್ಯ."

"ಯಾರು?"

"ನಾನೇ," ಎಂದ ಬೋರಲಿಂಗಯ್ಯ, ಎದೆಯುಬ್ಬಿಸಿ.

ವಹಾಬ್ ಹಗ್ಗ ಸುತ್ತತೊಡಗಿದ. "ಹಂಗಾದ್ರೆ ನಾನು ಬತ್ತೀನಿ. ಹೊನ್ನಾರು ಬಿದ್ದ ನೆಲದ ಫಸಲು ಮನೇಗ್ ಬರೋಗಂಟ ಯಾವ್ ಮೇಸ್ತ್ರೀನೂ ಗುದ್ಲಿ ಹಾಕಲ್ಲ. ನಮ್ಮಪ್ಪಾನೂ ಹಾಕ್ಲಿಲ್ಲ. ಹೊನ್ನಾರು ಸಾಲ್ ಕೆಡಿಸ್ದೋನು ಅಂತ ಹೆಸ್ರಾದ್ರೆ ಈ ಸುತ್ತಿನಾಗೆ ನಂಗ್ಯಾರು ಕೆಲ್ಸ ಕೊಡ್ತಾರೆ? ಫಸಲ್ ಮುಗೀಲಿ, ಬತ್ತೀನಿ."

ಬೋರಲಿಂಗಯ್ಯ ಹೆಂಡತಿಯ ಕಡೆ ತಿರುಗಿದ. ಇಪ್ಪತ್ತೆರಡು ಸಾಲು ಯಾರ ಕೈಯಿಂದ, ಯಾರ ಮಾತಿಗೆ ಬಿದ್ದವು ಎಂಬುದು ಈಗ ಅವನಿಗೆ ಒಂದೊಂದಾಗಿ ಹೊಳೆಯತೊಡಗಿತ್ತು.

"ಈ ಸಾಲಿಗೆ ಏನಾಕಿದ್ದೀಯೇ?"

"ನುಗ್ಗೆ ಕಡ್ಡಿ ಊರಿದ್ದೀನಿ. ಎಲ್ಲಾ ಚಿಗುರವೆ, ನೋಡಿ."

"ಅದ್ರ ಫಸಲು ಯಾವತ್ತಿಗೆ ಮುಗೀತದೆ?"

ಸರಸಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಯೋಚಿಸಿದಳು. "ನಮ್ ತವರಲ್ಲಿ ನಮ್ಮಜ್ಜಿ ನೆಟ್ಟಿದ್ದು ಇನ್ನೂ ಬುಡ್ತಾನೇ ಐತೆ."

ವಹಾಬ್ ನಕ್ಕು ನಕ್ಕು ಇಟ್ಟಿಗೆಯ ಮೇಲೆ ಕೂತ. ಬೋರಲಿಂಗಯ್ಯ ನಗಬಾರದೆಂದು ಮೀಸೆ ಕಚ್ಚಿ ಹಿಡಿದ, ಮೀಸೆ ಸಾಲದಾಯಿತು. ಕೊನೆಗೆ ಅವನೇ ಹೇಳಿದ: "ಬಂದಿದ್ದೀಯ, ಸುಮ್ನೆ ಯಾಕೋಯ್ತೀಯ? ಈ ಕಲ್ಲೆಲ್ಲಾ ಸಾಲಿಟ್ಟು ಪಾತಿಗೆ ಅಂಚು ಕಟ್ಬುಡು. ಇಟ್ಟಿಗೇಲಿ ಬಾವಿಕಟ್ಟೆ ಹಂಗೆ ಒಂದು ಗೊಬ್ಬರದ ಗುಂಡಿ ಮಾಡು."

ಸಂಜೆಗೆ ಓಣಿ ಖಾಲಿಯಾಯಿತು, ಹಿತ್ತಲು ಸಿಂಗಾರವಾಯಿತು. ವಹಾಬ್ ಒಂದು ಚೀಲ ಬದನೆ, ಒಂದು ಚೀಲ ಹುರುಳಿಕಾಯಿ ಹೊತ್ತು ಮನೆಗೆ ಹೋದ. ಸರಸಮ್ಮ ಮೊರ ತುಂಬಿಕೊಂಡು ಬೀದಿಯ ಈ ತುದಿಯಿಂದ ಆ ತುದಿಯವರೆಗೆ, ಬೇಕೆಂದೇ ನಡುಬೀದಿಯಲ್ಲಿ, ನಿಧಾನವಾಗಿ ನಡೆದು ಮನೆಮನೆಗೆ ಹಂಚಿದಳು. ತಳ್ಳುಗಾಡಿಯವನ ಗಾಡಿಯ ಮೇಲೂ ನಾಲ್ಕು ಬದನೆಕಾಯಿ ಇಟ್ಟಳು.

ಮಾರನೇ ದಿನ ಕಾರ್ಖಾನೆಯ ಇಬ್ಬರು ಹುಡುಗರು ಬ್ಯಾಗು ಹಿಡಿದು ಬಾಗಿಲಿಗೆ ಬಂದರು. ಇಲ್ಲಿ ಹೊಸದಾಗಿ ಮೂರು ರೂಮು ಆಗಿದೆಯಂತೆ, ಬಾಡಿಗೆಗೆ ಸಿಗುತ್ತದಾ ಎಂದು ಕೇಳಿದರು.

ಕೈಗೆ ಮಣ್ಣಾಗಿದ್ದ ಬೋರಲಿಂಗಯ್ಯ ಹಿತ್ತಲಿನಿಂದ ಎದ್ದು ಬಂದು ಅವರನ್ನು ಮೇಲಿಂದ ಕೆಳಗೆ ನೋಡಿದ.

"ರೂಮು ಖಾಲಿ ಇಲ್ಲ ಕಣ್ರಪ್ಪಾ. ಎಲ್ಲಾ ತುಂಬ್ಕೊಂಡವೆ," ಎಂದ. "ಕೂತ್ಕಳಿ, ಒಂದೊಂದು ಕಟ್ಟು ಸೊಪ್ಪು ತಗಂಡು ಹೋಗೀರಂತೆ."