ಕಾಕುವಿನ ಗುಟ್ಟಿನ ಇಸ್ಪೀಟು

ಮೊನ್ನೆ ಗೋಕಾಕದ ಗುಜರಿ ಅಂಗಡಿಯಲ್ಲಿ ಹಳೇ ಡಬ್ಬಾ ಮಾನಿಟರೊಂದನ್ನು ಚಾಲೂ ಮಾಡಿದರು. ಕಾದ ಧೂಳಿನ ವಾಸನೆ ಮೂಗಿಗೆ ಬಡಿಯಿತು. ಹಿಂದೆಯೇ ಹುಕ್ಕೇರಿಯ ನಮ್ಮ ಬಾಜೂ ಮನೆಯ ಕಾಕು ನೆನಪಾದಳು...

ಜೈನರ ಮನೆಯ ಕಾಕು ಭಾರೀ ಶಿಸ್ತಿನವಳು. ಕಟ್ಟೆಯ ಮೇಲೆ ಇಸ್ಪೀಟು ಆಡುವವರನ್ನು ಕಂಡರೆ ಅವಳ ಬೈಗುಳ ಮೂಡಲಗಿವರೆಗೂ ಕೇಳಿಸುತ್ತಿತ್ತು. ಅಂಥವಳು, ಗಂಡ, ಅಂದರೆ ನಮ್ಮ ಕಾಕಾ, ಅಂಗಡಿಗೆ ಹೋದೊಡನೆ ಕಂಪ್ಯೂಟರ್ ಮುಂದೆ ಕೂತು ಅದೇ ಇಸ್ಪೀಟು ಆಡುತ್ತಿದ್ದಳು! ಗುಟ್ಟು ಗೊತ್ತಿದ್ದದ್ದು ನನಗೊಬ್ಬನಿಗೆ. ಆಗ ನಾನು ಎಂಟನೇ ಕ್ಲಾಸು, ಆದರೆ ಓಣಿಗೆಲ್ಲ ಕಂಪ್ಯೂಟರ್ ಡಾಕ್ಟರ್. ಮೌಸಿನ ಗುಂಡು ತೆಗೆದು ಅಂಗಿಗೆ ಒರೆಸಿದರೆ ಜನ ಹೃದಯದ ಆಪರೇಷನ್ ನೋಡಿದಂತೆ ಉಸಿರು ಹಿಡಿಯುತ್ತಿದ್ದರು.

ಒಂದು ಸಂಜೆ ಕಾಕು ಗೋಡೆಯಾಚೆಯಿಂದ ಕೂಗಿದಳು.

"ಲಗೂ ಬಾರೋ! ಮೌಸ್ ಒರಸಾಕ ಹೋದ್ನಿ, ಪರದೆ ಕೆಳಗಿನ ಪಟ್ಟೀನ ಮಾಯ ಆತು. ನಿಮ್ಮ ಕಾಕಾ ನೋಡಿದ್ರ ಖೋಲಿಗೆ ಕೀಲಿ ಹಾಕ್ತಾರ. ನನ್ನ ಆಟ ಖಲಾಸ್!"

ಕಾಕಾ ಹೊತ್ತು ಮುಳುಗಿದ ಮೇಲೆ ಉಣ್ಣುವವರಲ್ಲ, ಅದಕ್ಕೇ ಬೆಳಕಿರುವಾಗಲೇ ಮನೆಗೆ ಬರುವವರು. ಕಿಟಕಿಯಲ್ಲಿ ಸೂರ್ಯ ಆಗಲೇ ಬೇವಿನ ಮರದ ತುದಿಗೆ ಇಳಿದಿದ್ದ.

ಪಟ್ಟಿ ಕೂದಲೆಳೆಯಷ್ಟಾಗಿ ಪರದೆಯ ಅಂಚಿಗೆ ಅಂಟಿತ್ತು. ಎಳೆದೆ. ಅದು ಮೇಲೆ ಹಾರಿತು. ಮತ್ತೆ ಎಳೆದೆ. ಬಲಕ್ಕೆ ನಿಂತಿತು. ಸಿಟ್ಟಿನಿಂದ ಎಳೆದರೆ ಉಬ್ಬಿ ಅರ್ಧ ಪರದೆ ನುಂಗಿತು.

"ಅಗಬಾಯಿ, ಹೊಳಿ ಏರಿದಂಗ ಏರಾಕತ್ತೈತಲ್ಲೋ!"

"ಸುಮ್ಮನಿರ್ರಿ ಕಾಕು. ಆಪರೇಷನ್‌ದಾಗ ಮಾತಾಡಬಾರದು."

ಕಡೆಗೂ ಪಟ್ಟಿ ತನ್ನ ಜಾಗಕ್ಕೆ ಬಂದು ಕೂತಿತು. ಆದರೆ ಅದರ ಮೇಲೆ ಇಸ್ಪೀಟಿನ ಚಿತ್ರಗಳು ಸಾಲಾಗಿ, ಲಗ್ನದ ಪಂಕ್ತಿಗೆ ಕೂತಂತೆ!

"ಮ್ಯಾಲಿನ ಮೂಲ್ಯಾಗಿನ ಆ ಸಣ್ಣ ಗೀಟ ಒತ್ತಿದ್ರ ಆಟ ಬಂದಾಗಿ ಹೋಗ್ತಿತ್ತಲ್ಲೋ!" ಎಂದಳು ಕಾಕು.

"ಹೋಗಿಲ್ರಿ. ಒಂದೂ ಬಿಡದಂಗ ಕೆಳಗ ಬಂದ ಕುಂತಾವ."

ಹೊರಗೆ ಚಪ್ಪಲಿ ಸಪ್ಪಳ. ಕಾಕಾ ಒಳಗೆ ಬಂದರು, ಪರದೆ ನೋಡಿದರು, ಒಂದು ಚಿತ್ರ ಒತ್ತಿದರು. ಅರ್ಧಕ್ಕೆ ನಿಂತ ಆಟ ಪರದೆ ತುಂಬ ತೆರೆದುಕೊಂಡಿತು. ಕಾಕು ಸೆರಗನ್ನು ಬಾಯಿಗೆ ತುರುಕಿಕೊಂಡಳು. ನಾನು ಬಾಗಿಲು ಹುಡುಕಿದೆ.

"ಏನ ಇದು?" ಎಂದರು ಕಾಕಾ. ಆಮೇಲೆ ಕನ್ನಡಕ ಏರಿಸಿ, "ಕೆಂಪ ರಾಣೀನ್ ಕರೀ ರಾಜಾನ ಮ್ಯಾಲ ಇಡಾಕ ಏನ ಧಾಡಿ ಆಗಿತ್ತ?"

"ಅಂದ್ರ... ನೀವೂ ಆಡ್ತೀರಿ?"

"ನೀ ಬಸದಿಗೆ ಹೋದಾಗ."

ಕಾಕು ನಕ್ಕಳು ನೋಡಿ, ಅಟ್ಟದ ಮೇಲಿನ ತಪೇಲಿಗಳೆಲ್ಲ ಗಣಗಣ ಎಂದವು. ಅವತ್ತು ಇಬ್ಬರೂ ಗಬಗಬ ಉಂಡು, ಕೈ ತೊಳೆದವರೇ ಒಂದೇ ಕುರ್ಚಿಗೆ ಜಗಳಾಡಿದರು.

ಕಾಕು ಈ ವರ್ಷ ಹೋದಳು... ಹೋದ ವಾರ ಕಾಕಾ ಕರೆದರು. "ಆ ಆಟ ತಗದ ಬಿಡೋ. ತಪ್ಪ ಹಿಡ್ಯಾಕ ಅಕಿ ಇಲ್ಲ."

ತೆಗೆಯುವುದು ಎರಡು ಒತ್ತಿನ ಕೆಲಸ. ನಾನು ಮೌಸ್ ಹಿಡಿದೆ, ಬಿಟ್ಟೆ. ಜೀವಮಾನದಲ್ಲಿ ಮೊದಲ ಸಲ ಹೇಳಿದೆ: "ನನಗ ಬರೂದಿಲ್ರಿ ಕಾಕಾ."

"ಇಷ್ಟ ಏನಲೇ ನಿನ್ನ ಡಾಕ್ಟರಕಿ!" ಎಂದು ಕಾಕಾ ಹೊಟ್ಟೆ ಹಿಡಿದು ನಕ್ಕರು. ಆಮೇಲೆ ನನಗೂ ಒಂದು ಕುರ್ಚಿ ಎಳೆದರು. "ಕುಂದರ. ನಾ ತಪ್ಪಿದ್ರ ಬೈ. ಅಕಿ ಬೈದಂಗ, ಜೋರಾಗಿ."